ಪ್ರೋಟೀನಿನ ಅಂಕಿಗೆ ಆಯಸ್ಸು ಗೊತ್ತಿಲ್ಲ

ಶ್ವಾಸಕೋಶದ ಕ್ಯಾನ್ಸರ್ ಬಂದವರ ರಕ್ತದಲ್ಲೋ ಗಡ್ಡೆಯ ಚೂರಿನಲ್ಲೋ ಒಂದು ಪ್ರೋಟೀನನ್ನು ಅಳೆದುಬಿಟ್ಟರೆ ಅವರಿಗೆ ಉಳಿದಿರುವ ಆಯಸ್ಸು ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಓದಿದವರೇ ಹೆಚ್ಚು ನಂಬಿದ್ದಾರೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಅಪ್ಪ ಅಮ್ಮ ಹಳೆಯ ಮನೆಯಲ್ಲಿ, ಮಕ್ಕಳು ವೈಟ್‌ಫೀಲ್ಡಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಸಂಸಾರಗಳಿಗೇನೂ ಕಡಿಮೆಯಿಲ್ಲ. ಅಂಥ ಮನೆಗೆ ಈ ಕಾಯಿಲೆ ಬಂದರೆ ಮಾತುಕತೆಯೆಲ್ಲ ಫೋನಿನಲ್ಲೇ. ಅಪ್ಪನ ಮುಖದಲ್ಲಿ ಕಳೆ ಇದೆಯೋ ಇಲ್ಲವೋ, ಊಟ ಸೇರುತ್ತಿದೆಯೋ ಇಲ್ಲವೋ ಎನ್ನುವುದು ಅಷ್ಟು ದೂರ ತಲುಪುವುದಿಲ್ಲ, ಅಂಕಿ ಮಾತ್ರ ತಲುಪುತ್ತದೆ. ‘ಸಿಇಎ 38 ಬಂದಿದೆ’, ‘ಪಿಡಿ-ಎಲ್1 ಸೊನ್ನೆಯಂತೆ’. ಮಗ ಅಲ್ಲೇ ಕೂತು ಹುಡುಕಿ ನೋಡುತ್ತಾನೆ. ಆ ಅಂಕಿ ಇದ್ದವರು ಸರಾಸರಿ ಇಷ್ಟು ತಿಂಗಳು ಬದುಕಿದರು ಎಂದು ಯಾವುದೋ ಸಂಶೋಧನೆ ಹೇಳುತ್ತದೆ. ರಾತ್ರಿಯಾಗುವಷ್ಟರಲ್ಲಿ ತೀರ್ಮಾನವೂ ಆಗಿರುತ್ತದೆ: ‘ಇಷ್ಟಾದಮೇಲೆ ಕೀಮೊ ಕೊಟ್ಟು ಯಾಕೆ ಹಿಂಸೆ ಮಾಡೋದು?’

ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇದು ರೋಗಿಗಳ ಕೈಯಲ್ಲಿರುವ ತಿಂಗಳುಗಳನ್ನು, ಕೆಲವರ ವಿಷಯದಲ್ಲಿ ವರ್ಷಗಳನ್ನೇ ಕಸಿಯುತ್ತಿದೆ. ಪ್ರೋಟೀನ್ ಪರೀಕ್ಷೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲವು ಪರೀಕ್ಷೆಗಳನ್ನು ಮಾಡಿಸದಿರುವುದೇ ಅಪರಾಧ, ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾವ ಔಷಧಿ ಕೊಡಬೇಕೆಂದು ಹೇಳುವ ಪರೀಕ್ಷೆ ಒಂದು ಬಗೆ, ಎಷ್ಟು ದಿನ ಉಳಿಯುತ್ತಾರೆಂದು ಹೇಳುತ್ತೇನೆನ್ನುವ ಪರೀಕ್ಷೆ ಇನ್ನೊಂದು ಬಗೆ. ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿ, ಎರಡನೆಯದಕ್ಕೆ ಮೊದಲನೆಯದರ ಗೌರವ ಕೊಟ್ಟಿದ್ದೇವೆ. ನನ್ನ ತಕರಾರು ಇರುವುದು ಅಲ್ಲಿ.

ಸಿಇಎಯಿಂದಲೇ ಶುರುಮಾಡೋಣ. 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಇದನ್ನು ಕಂಡರು. ಹುಟ್ಟುವ ಮುಂಚೆ ಮಗುವಿನ ಕರುಳಿನಲ್ಲಿ ಹೇರಳವಾಗಿದ್ದು ಆಮೇಲೆ ಅಡಗಿಹೋಗುವ ಪ್ರೋಟೀನ್ ಇದು. ಕೆಲವು ಶ್ವಾಸಕೋಶದ ಗಡ್ಡೆಗಳೂ ಇದನ್ನು ರಕ್ತಕ್ಕೆ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಕ್ಯಾನ್ಸರೇ ಇಲ್ಲದ, ದಿನಾ ಸಿಗರೇಟು ಸೇದುವವರಲ್ಲೂ ಏರಿರುತ್ತದೆ, ಲಿವರ್ ಕೆಟ್ಟವರಲ್ಲೂ ಏರಿರುತ್ತದೆ. ಮೊದಲೇ ಏರಿದ್ದ ಒಬ್ಬ ರೋಗಿಯಲ್ಲಿ ಚಿಕಿತ್ಸೆಯ ನಂತರ ಅದು ಇಳಿಯಿತೋ ಮತ್ತೆ ಏರಿತೋ ಎಂದು ನೋಡುವುದಕ್ಕೆ ಬೆಲೆ ಇದೆ, ಏಕೆಂದರೆ ಅಲ್ಲಿ ಆ ಮನುಷ್ಯನನ್ನು ಅವನ ಜೊತೆಗೇ ಹೋಲಿಸುತ್ತೇವೆ. ಮೊದಲ ದಿನದ ಒಂದು ಸಿಇಎ ಹಿಡಿದು ವಾಯಿದೆ ಗೊತ್ತುಮಾಡುವುದಕ್ಕೆ ಯಾವ ಆಧಾರವೂ ಇಲ್ಲ.

ಎನ್‌ಎಸ್‌ಇ ಎಂಬ ಇನ್ನೊಂದು ಪ್ರೋಟೀನಿದೆ. ಸ್ಮಾಲ್ ಸೆಲ್ ಎಂಬ ವೇಗದ ಕ್ಯಾನ್ಸರಿನಲ್ಲಿ ಏರುತ್ತದೆ. ಇದನ್ನು ಅಳೆಯುವ ದಾರಿಯನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಆರೂವರೆಗೆ ಹುಡುಗನೊಬ್ಬ ಮನೆಗೇ ಬಂದು ವಯಸ್ಸಾದವರ ತೋಳಿಗೆ ಪಟ್ಟಿ ಬಿಗಿದು, ನರ ಸಿಗದೆ ಎರಡು ಸಲ ಚುಚ್ಚಿ ರಕ್ತ ತೆಗೆಯುತ್ತಾನೆ. ಟ್ಯೂಬು ಚೀಲ ಸೇರುತ್ತದೆ. ಇನ್ನೂ ನಾಲ್ಕೈದು ಮನೆ ಸುತ್ತಿ, ಸಂಪಿಗೆ ರಸ್ತೆಯ ಗುಂಡಿಗಳ ಮೇಲೆ ಸ್ಕೂಟರಿನಲ್ಲಿ ಕುಲುಕಿ ಅದು ಲ್ಯಾಬು ಮುಟ್ಟಬೇಕು. ಎನ್‌ಎಸ್‌ಇ ಗಡ್ಡೆಯಲ್ಲಿ ಮಾತ್ರ ಇರುವ ವಸ್ತುವಲ್ಲ, ನಮ್ಮ ಕೆಂಪು ರಕ್ತಕಣಗಳೊಳಗೂ ತುಂಬಿಕೊಂಡಿದೆ. ಟ್ಯೂಬಿನಲ್ಲಿ ಒಂದಷ್ಟು ಕಣ ಒಡೆದರೂ ಸಾಕು, ಅದೆಲ್ಲ ಸೀರಂಗೆ ಸೋರಿ ಅಂಕಿ ಏರಿ ಕೂರುತ್ತದೆ. ತಿಳಿಹಳದಿಯಾಗಿರಬೇಕಾದ ಸೀರಂ ತಿಳಿಗುಲಾಬಿಯಾಗಿದ್ದರೆ ನುರಿತ ತಂತ್ರಜ್ಞರು ಹೊಸ ಸ್ಯಾಂಪಲ್ ಕೇಳುತ್ತಾರೆ. ಯಾರೂ ಗಮನಿಸದಿದ್ದರೆ ರಿಪೋರ್ಟಿನಲ್ಲಿ ದಪ್ಪಕ್ಷರದ ಒಂದು ಅಂಕಿ ಮೂಡುತ್ತದೆ. ಅದು ಗಡ್ಡೆಯಿಂದ ಬಂತೋ ಗುಂಡಿಯಿಂದ ಬಂತೋ ಓದುವವರಿಗೆ ತಿಳಿಯುವ ಬಗೆಯೇ ಇಲ್ಲ.

ಅಳತೆ ಸರಿಯಾಗಿಯೇ ಇದೆ ಎಂದಿಟ್ಟುಕೊಳ್ಳೋಣ. ನನ್ನ ಮುಖ್ಯ ಆಕ್ಷೇಪ ಅಳತೆಯ ದೋಷದ ಮೇಲೆ ನಿಂತಿಲ್ಲ. ಒಂದು ಪ್ರೋಟೀನ್ ಹೆಚ್ಚಿರುವವರಿಗೆ ಸಾವಿನ ಅಪಾಯ ಒಂದೂವರೆ ಪಟ್ಟು ಎಂದು ಒಳ್ಳೆಯ ಸಂಶೋಧನೆಯೇ ಹೇಳಿತು ಅನ್ನಿ. ಒಂದೂವರೆ ಪಟ್ಟು ಎಂದರೆ ಕೇಳಿದವರ ಎದೆ ಝಲ್ಲೆನ್ನುತ್ತದೆ. ಈಗ ಲೆಕ್ಕ ಹಾಕಿ ನೋಡಿ. ಪ್ರೋಟೀನ್ ಕಡಿಮೆ ಇರುವ ಗುಂಪಿನಿಂದ ಒಬ್ಬರನ್ನೂ ಹೆಚ್ಚಿರುವ ಗುಂಪಿನಿಂದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿಕೊಳ್ಳಿ. ಇಬ್ಬರಲ್ಲಿ ಕಡಿಮೆ ಇರುವವರೇ ಹೆಚ್ಚು ಕಾಲ ಬದುಕುವ ಸಾಧ್ಯತೆ ಎಷ್ಟು? ಅಪಾಯದ ಅನುಪಾತ ಉದ್ದಕ್ಕೂ ಒಂದೇ ಆಗಿದ್ದರೆ ಒಂದೂವರೆಯನ್ನು ಎರಡೂವರೆಯಿಂದ ಭಾಗಿಸಿದರೆ ಉತ್ತರ ಬಂತು: ನೂರಕ್ಕೆ 60. ಏನನ್ನೂ ಅಳೆಯದೆ ನಾಣ್ಯ ಚಿಮ್ಮಿದ್ದರೆ ನೂರಕ್ಕೆ 50 ಸಲ ಸರಿಯಾಗುತ್ತಿತ್ತು. ಅಪಾಯ ಎರಡು ಪಟ್ಟು ಇದ್ದರೂ ಇದು ಏರುವುದು 67ಕ್ಕೆ. ಅಂದರೆ ‘ಕೆಟ್ಟ’ ಅಂಕಿ ಬಂದ ಮೂವರಲ್ಲಿ ಒಬ್ಬರು, ‘ಒಳ್ಳೆಯ’ ಅಂಕಿ ಬಂದ ತಮ್ಮ ಜೊತೆಗಾರರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಜಿಲ್ಲೆಯ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ ನಿಮ್ಮ ಮಗಳಿಗೆ ಗಣಿತದಲ್ಲಿ ಎಷ್ಟು ಬಂತೆಂದು ಯಾರೂ ಹೇಳಲಾರರು. ಇಲ್ಲಿ ಅದನ್ನೇ ಮಾಡುತ್ತಿದ್ದೇವೆ, ಅದೂ ಒಂದು ಜೀವದ ವಿಷಯದಲ್ಲಿ.

ಸಂಶೋಧನೆಯ ಹೆಸರು ಹೇಳಿದ ಕೂಡಲೇ ಬಾಯಿ ಮುಚ್ಚುವವರಿಗೆ ಇಆರ್‌ಸಿಸಿ1ರ ಕಥೆ ಗೊತ್ತಿರಬೇಕು. ಸಿಸ್‌ಪ್ಲಾಟಿನ್ ಎಂಬ ಕೀಮೊ ಔಷಧಿ ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಘಾಸಿಗೊಳಿಸುತ್ತದೆ, ಆ ಘಾಸಿಯನ್ನು ರಿಪೇರಿ ಮಾಡುವ ಪ್ರೋಟೀನುಗಳಲ್ಲಿ ಇಆರ್‌ಸಿಸಿ1 ಒಂದು. ಗಡ್ಡೆಯಲ್ಲಿ ಈ ರಿಪೇರಿಗಾರ ಇಲ್ಲದಿದ್ದರೆ ಕೀಮೊ ಫಲಿಸುತ್ತದೆ, ಇದ್ದರೆ ಫಲಿಸುವುದಿಲ್ಲ ಎಂಬುದು ಬಹಳ ಚಂದದ ತರ್ಕ. 2006ರಲ್ಲಿ ಆಪರೇಷನ್ ಆದ 761 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ ಹಾಗೆಯೇ ಆಗಿದೆ ಎಂದು ಜಗತ್ತಿನ ಅತ್ಯುಚ್ಚ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪರೀಕ್ಷೆ ಮಾರುಕಟ್ಟೆಗೂ ಬಂತು, ಅದನ್ನು ನೆಚ್ಚಿ ಹೊಸ ಪ್ರಯೋಗಗಳೂ ಶುರುವಾದವು. 2013ರಲ್ಲಿ ಫ್ರಾನ್ಸಿನ ಅದೇ ಸಂಶೋಧಕರ ಬಳಗ ಬೇರೆ ಎರಡು ಪ್ರಯೋಗಗಳ 494 ರೋಗಿಗಳಲ್ಲಿ ಅದನ್ನೇ ಮತ್ತೆ ನೋಡಿತು. ಫಲಿತಾಂಶ ಸಿಗಲಿಲ್ಲ. ಅನುಮಾನ ಬಂದು ಹಳೆಯ ಗಡ್ಡೆಗಳನ್ನೇ ತೆಗೆದು ಮತ್ತೆ ಬಣ್ಣ ಹಾಕಿದರೆ ಮೊದಲಿನ ಉತ್ತರ ಬರಲಿಲ್ಲ. ಅದೇ ಹೆಸರಿನ ಆ್ಯಂಟಿಬಾಡಿ, ಬೇರೆ ತಯಾರಿಕೆಯದು, ಬೇರೆಯದೇ ರೀತಿ ಬಣ್ಣ ಕೊಟ್ಟಿತು. ಅಲ್ಲಿಗೇ ಮುಗಿಯಲಿಲ್ಲ. ಈ ಪ್ರೋಟೀನಿಗೆ ನಾಲ್ಕು ರೂಪಗಳಿವೆ, ರಿಪೇರಿ ಮಾಡಬಲ್ಲದ್ದು ಅವುಗಳಲ್ಲಿ ಒಂದೇ, ಮಾರುಕಟ್ಟೆಯಲ್ಲಿದ್ದ 16 ಆ್ಯಂಟಿಬಾಡಿಗಳಲ್ಲಿ ಯಾವುದಕ್ಕೂ ಆ ಒಂದನ್ನು ಬೇರೆಯಾಗಿ ಗುರುತಿಸುವ ಶಕ್ತಿ ಇಲ್ಲ ಎಂಬುದೂ ಹೊರಬಿತ್ತು. ತಮ್ಮದೇ ಹೆಸರುವಾಸಿ ಫಲಿತಾಂಶವನ್ನು ಕೆಡವಿದ ಆ ಸಂಶೋಧಕರ ಪ್ರಾಮಾಣಿಕತೆ ದೊಡ್ಡದು. ಆದರೆ ನಡುವಿನ ಏಳು ವರ್ಷ ಆ ಪರೀಕ್ಷೆಯ ಮಾತು ಕೇಳಿ ಸಿಸ್‌ಪ್ಲಾಟಿನ್ ಬಿಟ್ಟ ರೋಗಿಗೆ ಆ ಅವಕಾಶವನ್ನು ಯಾರೂ ವಾಪಸು ಕೊಡಲಾರರು.

ಪ್ರೋಟೀನ್ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ಆಕಾರದಲ್ಲಿದೆ, ಏನು ಕೆಲಸ ಮಾಡುತ್ತಿದೆ ಎನ್ನುವುದು ಮುಖ್ಯ ಎಂಬ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಪ್ರೋಟೀನಿನ ಸರಪಳಿ ಹೇಗೆ ಹೇಗೆ ಮಡಚಿಕೊಳ್ಳಬಲ್ಲದು ಎಂಬುದಕ್ಕೆ 1963ರಲ್ಲಿ ನಕ್ಷೆ ಕೊಟ್ಟ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಮದ್ರಾಸಿನಿಂದ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದು ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಇನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೇಶಕ್ಕೆ ದೇಶವೇ ಮಾತಾಡುವಂತೆ ಮಾಡಿದರು. ಗಾಳಿಯಿಂದ ವಿಭೂತಿ ತೆಗೆಯುವವರನ್ನು ಪ್ರಶ್ನಿಸಬೇಕೆಂದು ಆ ಮೇಷ್ಟ್ರಿಂದ ಕಲಿತ ಬಡಾವಣೆಗಳಿವು. ಅದೇ ಬಡಾವಣೆಗಳು ಕಂಪ್ಯೂಟರಿನಲ್ಲಿ ಅಚ್ಚಾಗಿ ಬಂದ ಅಂಕಿಗೆ ಯಾಕೆ ಒಂದು ಪ್ರಶ್ನೆಯನ್ನೂ ಹಾಕುವುದಿಲ್ಲ? ಎಷ್ಟು ರೋಗಿಗಳಲ್ಲಿ ನೋಡಿದ್ದು, ಬೇರೆಯವರು ಮತ್ತೆ ನೋಡಿದರೇ, ನಮ್ಮ ದೇಶದ ರೋಗಿಗಳಲ್ಲಿ ನೋಡಿದರೇ, ಈ ಅಂಕಿ ಬೇರೆಯಾಗಿದ್ದರೆ ಚಿಕಿತ್ಸೆ ಬೇರೆಯಾಗುತ್ತಿತ್ತೇ — ನರಸಿಂಹಯ್ಯನವರ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆಗಳು ಇವು.

ಆ ಪ್ರಶ್ನೆಗಳು ಎಷ್ಟು ಅಗತ್ಯವೆಂದರೆ, ಈ ಕ್ಷೇತ್ರದಲ್ಲಿ ಸೋತ ಸಂಶೋಧನೆ ಹೊರಗೆ ಬರುವುದೇ ಅಪರೂಪ. 2007ರಲ್ಲಿ ಕ್ಯಾನ್ಸರಿನ ಮುನ್ಸೂಚಕ ಗುರುತುಗಳ ಬಗೆಗಿನ ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಗ್ರೀಸಿನ ಸಂಶೋಧಕರು ಜಾಲಾಡಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಲೇಖನಗಳು ‘ನಮ್ಮ ಗುರುತು ಕೆಲಸ ಮಾಡುತ್ತದೆ’ ಎಂದೇ ಹೇಳಿದ್ದವು. ಅಷ್ಟೊಂದು ಗುರುತುಗಳು ನಿಜಕ್ಕೂ ಕೆಲಸ ಮಾಡಿದ್ದರೆ ಆಸ್ಪತ್ರೆಗಳು ಅವುಗಳಿಂದ ತುಂಬಿ ತುಳುಕಬೇಕಿತ್ತು. ಆದರೆ ಶ್ವಾಸಕೋಶದ ಕ್ಯಾನ್ಸರಿನ ಸ್ಟೇಜು ನಿರ್ಧರಿಸಲು ಇಡೀ ಜಗತ್ತು ಬಳಸುವ ಟಿಎನ್‌ಎಂ ಪದ್ಧತಿಯ ಒಂಬತ್ತನೇ ಆವೃತ್ತಿ 2024ರಲ್ಲಿ ಬಂದಾಗಲೂ ಅದರಲ್ಲಿ ಒಂದೇ ಒಂದು ಪ್ರೋಟೀನಿಗೂ ಜಾಗ ಸಿಗಲಿಲ್ಲ. ಗಡ್ಡೆ ಎಷ್ಟು ದೊಡ್ಡದು, ದುಗ್ಧಗ್ರಂಥಿಗಳಿಗೆ ಹೋಗಿದೆಯೇ, ಬೇರೆ ಅಂಗಕ್ಕೆ ಹರಡಿದೆಯೇ, ಇಷ್ಟೇ. ಅತಿ ಸಣ್ಣ ಗಡ್ಡೆಯಾಗಿದ್ದಾಗಲೇ ಸಿಕ್ಕಿಬಿದ್ದರೆ ಐದು ವರ್ಷ ದಾಟುವವರು ನೂರಕ್ಕೆ ತೊಂಬತ್ತು, ನಾಲ್ಕನೇ ಸ್ಟೇಜಿನಲ್ಲಿ ನೂರಕ್ಕೆ ಹತ್ತು ಅಥವಾ ಅದಕ್ಕೂ ಕಡಿಮೆ. ಇಷ್ಟು ದೊಡ್ಡ ಅಂತರ ತೋರಿಸುವ ಪ್ರೋಟೀನು ಯಾವುದೂ ಇಲ್ಲ.

ಈಗ ಪಿಡಿ-ಎಲ್1. ಅತಿ ಹೆಚ್ಚು ಅಪಾರ್ಥಕ್ಕೆ ಗುರಿಯಾಗಿರುವುದು ಇದು. ಗಡ್ಡೆಯ ಕೋಶಗಳು ತಮ್ಮ ಮೈಮೇಲೆ ಈ ಪ್ರೋಟೀನನ್ನು ತೋರಿಸಿ ದೇಹದ ರಕ್ಷಣಾ ಕೋಶಗಳ ಕೈ ಕಟ್ಟಿಹಾಕುತ್ತವೆ. ಇಮ್ಯುನೋಥೆರಪಿ ಔಷಧಿಗಳು ಆ ಕಟ್ಟು ಬಿಡಿಸುತ್ತವೆ. ಪೆಥಾಲಜಿಸ್ಟ್ ಮಾಡುವ ಕೆಲಸ ಇಷ್ಟು: ಸೂಜಿಯಲ್ಲಿ ತೆಗೆದ ದಾರದಷ್ಟು ತೆಳುವಾದ ಗಡ್ಡೆಯ ಎಳೆಯನ್ನು ಮೇಣದಲ್ಲಿ ಹುದುಗಿಸಿ, ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಸುಸ್ಥಿತಿಯಲ್ಲಿರುವ ಗಡ್ಡೆಕೋಶಗಳು ಕಡೇ ಪಕ್ಷ ನೂರಾದರೂ ಇರಬೇಕು. ಅವುಗಳಲ್ಲಿ ಎಷ್ಟರ ಅಂಚಿನಲ್ಲಿ ಕಂದು ಗೆರೆ ಕಾಣುತ್ತದೆಂದು ಲೆಕ್ಕ ಮಾಡಬೇಕು. ಪಕ್ಕದಲ್ಲೇ ಮ್ಯಾಕ್ರೋಫೇಜ್ ಎಂಬ ದೇಹದ್ದೇ ಕೋಶಗಳೂ ಕಂದಾಗಿರುತ್ತವೆ, ಅವನ್ನು ಲೆಕ್ಕದಿಂದ ಹೊರಗಿಡಬೇಕು. 22ಸಿ3 ಆ್ಯಂಟಿಬಾಡಿ ಹಾಕಿದರೆ ಒಂದು ಎಣಿಕೆ, ಎಸ್‌ಪಿ142 ಹಾಕಿದರೆ ಅದಕ್ಕಿಂತ ಕಡಿಮೆ ಎಣಿಕೆ. ಸೂಜಿ ಗಡ್ಡೆಯ ಇನ್ನೊಂದು ಮೂಲೆಗೆ ಹೋಗಿದ್ದರೆ ಮತ್ತೊಂದು ಎಣಿಕೆ. ತಾಳ್ಮೆ, ಕಣ್ಣು, ಅನುಭವ ಮೂರನ್ನೂ ಬೇಡುವ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಇಷ್ಟೆಲ್ಲ ಆಗಿ ಹೊರಬರುವ ಶೇಕಡಾವಾರು ಅಂಕಿಯನ್ನು ಮನೆಯವರು ಓದುವ ರೀತಿ ಮಾತ್ರ ಕರುಳು ಕಿವುಚುತ್ತದೆ. 90 ಎಂದಿದ್ದರೆ ‘ನೂರಕ್ಕೆ ತೊಂಬತ್ತು ಭಾಗ ಕಾಯಿಲೆ ತುಂಬಿದೆ’ ಎಂದು ಅಳುತ್ತಾರೆ. ನಿಜದಲ್ಲಿ ಇಮ್ಯುನೋಥೆರಪಿ ಫಲಿಸುವ ಆಸೆ ಹೆಚ್ಚಿರುವುದು ಅಂಥವರಿಗೇ. ಸೊನ್ನೆ ಎಂದಿದ್ದರೆ, ಒಂದಿಷ್ಟು ಓದಿಕೊಂಡವರು ‘ಇನ್ನೇನೂ ಮಾಡುವ ಹಾಗಿಲ್ಲ’ ಎಂದು ಕೈಚೆಲ್ಲುತ್ತಾರೆ. ಅದೂ ಸುಳ್ಳು. 2018ರ ಒಂದು ದೊಡ್ಡ ಪ್ರಯೋಗದಲ್ಲಿ ಕೀಮೊ ಜೊತೆ ಇಮ್ಯುನೋಥೆರಪಿ ಸೇರಿಸಿದಾಗ ಒಂದಕ್ಕಿಂತ ಕಡಿಮೆ ಅಂಕಿ ಇದ್ದವರಿಗೂ ಆಯಸ್ಸು ಹೆಚ್ಚಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚಿರುವವರನ್ನೇ ಆರಿಸಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಇಮ್ಯುನೋಥೆರಪಿ ಪಡೆದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 32, ಕೀಮೊ ಗುಂಪಿನಲ್ಲಿ 16. ಔಷಧಿಯ ಮಟ್ಟಿಗೆ ಇದು ದೊಡ್ಡ ಗೆಲುವು. ಆದರೆ ಎಲ್ಲರಿಗೂ ‘ಒಳ್ಳೆಯ’ ಅಂಕಿಯೇ ಇದ್ದ, ಒಳ್ಳೆಯ ಔಷಧಿಯೂ ಸಿಕ್ಕ ಗುಂಪಿನಲ್ಲೇ ಮೂವರಲ್ಲಿ ಇಬ್ಬರು ಐದು ವರ್ಷ ದಾಟಲಿಲ್ಲ. ಯಾರು ದಾಟುತ್ತಾರೆಂದು ಆ ಅಂಕಿ ಮೊದಲೇ ಹೇಳಲಿಲ್ಲ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಪಿಡಿ-ಎಲ್1 ರಿಪೋರ್ಟ್ ಬೇಗ ಬರುತ್ತದೆ, ವಂಶವಾಹಿಯ ರಿಪೋರ್ಟಿಗೆ ವಾರಗಳೇ ಹಿಡಿಯಬಹುದು. ಅಂಕಿ ಹೆಚ್ಚಿದೆ ಎಂದು ಮನೆಯವರು ಆತುರ ಮಾಡಿ ಇಮ್ಯುನೋಥೆರಪಿ ಶುರುಮಾಡಿಸುತ್ತಾರೆ. ಆಮೇಲೆ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನಿನ ಜೀನಿನಲ್ಲಿ ಬದಲಾವಣೆ ಇದೆಯೆಂದು ತಿಳಿಯುತ್ತದೆ. ಆ ಬದಲಾವಣೆ ಇರುವ ಗಡ್ಡೆಗಳಲ್ಲಿ ಪಿಡಿ-ಎಲ್1 ಎಷ್ಟೇ ಇರಲಿ, ಇಮ್ಯುನೋಥೆರಪಿ ಒಂದನ್ನೇ ಕೊಟ್ಟರೆ ಫಲಿಸುವುದು ವಿರಳ. ಅಮೆರಿಕದಲ್ಲಿ ಅಂಥವರಲ್ಲೇ ನೋಡಲು ಹೊರಟ ಪ್ರಯೋಗವನ್ನು 11 ರೋಗಿಗಳಿಗೇ ನಿಲ್ಲಿಸಬೇಕಾಯಿತು. ಇಮ್ಯುನೋಥೆರಪಿ ಕೊಟ್ಟ ಬೆನ್ನಿಗೇ ಆ ಬದಲಾವಣೆಗೆಂದು ಇರುವ ಒಸಿಮರ್ಟಿನಿಬ್ ಮಾತ್ರೆ ಶುರುಮಾಡಿದರೆ ಶ್ವಾಸಕೋಶದ ಉರಿಯೂತದ ಅಪಾಯವೂ ಹೆಚ್ಚು. ಪ್ರೋಟೀನಿನ ಅಂಕಿಗೆ ಮರುಳಾಗಿ ಜೀನ್ ರಿಪೋರ್ಟಿಗೆ ಕಾಯದವರು ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಹಾನಿಯನ್ನು ಕೊಂಡುಕೊಂಡಂತಾಗುತ್ತದೆ.

ಮಾಡಿಸಲೇಬೇಕಾದ ಪರೀಕ್ಷೆಗಳು ಎಂದೆನಲ್ಲ, ಅವು ಇಲ್ಲಿವೆ. ನಮ್ಮ ದೇಶದಲ್ಲಿ ಅಡಿನೊಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಿಗೆ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಜೀವನದಲ್ಲಿ ಒಂದು ಸಿಗರೇಟೂ ಮುಟ್ಟದ ಹೆಂಗಸರಲ್ಲಿ ಇನ್ನೂ ಹೆಚ್ಚು. ಆ ಪ್ರೋಟೀನ್ ಗಡ್ಡೆಯಲ್ಲಿ ಎಷ್ಟಿದೆ ಎಂದು ಮೊದಮೊದಲು ಅಳೆದು ನೋಡಿದರು, ಅದು ದಾರಿ ತೋರಲಿಲ್ಲ. ಅದರ ಜೀನಿನಲ್ಲಿ ಬದಲಾವಣೆ ಆಗಿದೆಯೇ ಎನ್ನುವುದು ದಾರಿ ತೋರಿತು. ಪೂರ್ವ ಏಷ್ಯಾದ 1217 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗದಲ್ಲಿ ಬದಲಾವಣೆ ಇದ್ದವರಿಗೆ ಗೆಫಿಟಿನಿಬ್ ಮಾತ್ರೆ ಕೊಟ್ಟಾಗ, ಕೀಮೊಗೆ ಹೋಲಿಸಿದರೆ, ಕಾಯಿಲೆ ಮುಂದುವರಿಯುವ ಅಪಾಯ ಅರ್ಧಕ್ಕಿಳಿಯಿತು. ಬದಲಾವಣೆ ಇಲ್ಲದವರಿಗೆ ಅದೇ ಮಾತ್ರೆಯಿಂದ ಅಪಾಯ ಮೂರು ಪಟ್ಟಿನ ಹತ್ತಿರ ಹೋಯಿತು. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ವಿಷ, ಯಾರಿಗೆ ಯಾವುದೆಂದು ಪರೀಕ್ಷೆ ಹೇಳಿತು. ಎಎಲ್‌ಕೆ ಎನ್ನುವುದು ಅಪ್ಪಟ ಪ್ರೋಟೀನ್ ಪರೀಕ್ಷೆಯೇ, ಬಣ್ಣ ಹಾಕಿ ನೋಡುವಂಥದ್ದು. ನೂರರಲ್ಲಿ ನಾಲ್ಕೈದು ಜನರಿಗೆ ಮಾತ್ರ ಪಾಸಿಟಿವ್ ಬರುತ್ತದೆ. ಬಂದವರಿಗೆ ಲೊರ್ಲಾಟಿನಿಬ್ ಕೊಟ್ಟ ಪ್ರಯೋಗದ 2024ರ ವರದಿಯಲ್ಲಿ, ಹರಡಿದ ಕ್ಯಾನ್ಸರ್ ಇದ್ದೂ ಐದು ವರ್ಷದ ಹೊತ್ತಿಗೆ ನೂರಕ್ಕೆ 60 ಜನರಲ್ಲಿ ಕಾಯಿಲೆ ಮುಂದುವರಿದಿರಲಿಲ್ಲ. ಈ ಪರೀಕ್ಷೆಗಳು ಆಯಸ್ಸು ಹೇಳುವುದಿಲ್ಲ, ಆಯಸ್ಸು ಕೊಡುವ ಔಷಧಿ ಯಾವುದೆಂದು ಹೇಳುತ್ತವೆ. ಇವುಗಳಿಗೆ ಸಾಕಷ್ಟು ಗಡ್ಡೆಯ ಚೂರು ಬೇಕು. ಬೇಡದ ಬಣ್ಣಗಳಿಗೆಲ್ಲ ಆ ಚೂರನ್ನು ಸೀಳಿ ಸೀಳಿ ಮುಗಿಸಿಬಿಟ್ಟರೆ ಕೊನೆಗೆ ಎಎಲ್‌ಕೆ ನೋಡಲು ಏನೂ ಉಳಿದಿರುವುದಿಲ್ಲ.

ಬದಲಾವಣೆ ಇದ್ದವರಿಗೂ ಚಿಕಿತ್ಸೆ ಬದಲಾದರೆ ‘ಭವಿಷ್ಯ’ವೇ ಬದಲಾಗುತ್ತದೆ ಎಂಬುದಕ್ಕೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 2020ರಲ್ಲಿ ಪುರಾವೆ ಕೊಟ್ಟಿತು. ವನಿತಾ ನರೋನ್ಹಾ, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಇಜಿಎಫ್‌ಆರ್ ಬದಲಾವಣೆ ಇದ್ದ 350 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಗೆಫಿಟಿನಿಬ್ ಮಾತ್ರ, ಉಳಿದವರಿಗೆ ಅದರ ಜೊತೆ ಹಳೆಯ ಕೀಮೊ ಔಷಧಿಗಳನ್ನೂ ಕೊಟ್ಟರು. ಕಾಯಿಲೆ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 16 ತಿಂಗಳಿಗೆ ಏರಿತು. ಎರಡೂ ಗುಂಪಿನಲ್ಲಿ ಗಡ್ಡೆಯ ಗುರುತು ಒಂದೇ, ಬದುಕಿದ ಅವಧಿ ಬೇರೆ. ಗುರುತಿನೊಳಗೆ ಆಯಸ್ಸು ಬರೆದಿಟ್ಟಿದ್ದರೆ ಹೀಗಾಗಲು ಸಾಧ್ಯವಿತ್ತೇ?

ನಮ್ಮ ಊರಿನಲ್ಲಿ ಆಯಸ್ಸು ನಿರ್ಧರಿಸುವ ಸಂಗತಿಗಳೇ ಬೇರೆ. ಮೊದಲನೆಯದು, ಕ್ಷಯವೆಂದು ತಪ್ಪಾಗಿ ತಿಳಿದು ಕಳೆಯುವ ತಿಂಗಳುಗಳು. ಕೆಮ್ಮು, ಎಕ್ಸ್‌ರೇಯಲ್ಲೊಂದು ಮಚ್ಚೆ, ತೂಕ ಇಳಿದಿದೆ ಎಂದ ಕೂಡಲೇ ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ಬರೆದುಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಎರಡು ಮೂರು ತಿಂಗಳು ನುಂಗಿ ಕೆಮ್ಮು ನಿಲ್ಲದೆ ಸಿಟಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಆಪರೇಷನ್ನಿಗೆ ಸಿಗಬಹುದಾಗಿದ್ದ ಗಡ್ಡೆ ಕೈಮೀರಿರುತ್ತದೆ. ಎಕ್ಸ್‌ರೇ ಒಂದನ್ನೇ ನಂಬಬೇಡಿ, ಕಫದಲ್ಲಿ ಕ್ರಿಮಿ ಹುಡುಕಿ ಎಂದು ಇಡೀ ದೇಶಕ್ಕೆ ಕಲಿಸಿದ್ದು 1959ರಲ್ಲಿ ಶುರುವಾದ, ಇಲ್ಲೇ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಆ ಪಾಠ ಕಲಿಸಿದ ಊರಿನಲ್ಲೇ ಅದನ್ನು ಮರೆತು ಜೀವ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಎರಡನೆಯದು, ರೋಗಿಯ ಮೈಯಲ್ಲಿ ಎಷ್ಟು ಕಸುವಿದೆ ಎನ್ನುವುದು. ಅನುಭವಿ ವೈದ್ಯರು ಇದನ್ನು ಎರಡು ಪ್ರಶ್ನೆಗಳಲ್ಲಿ ತಿಳಿಯುತ್ತಾರೆ. ‘ಗಾಂಧಿ ಬಜಾರಿಗೆ ನೀವೇ ನಡೆದು ಹೋಗಿ ತರಕಾರಿ ತರ್ತೀರಾ? ಹಗಲು ಹೊತ್ತಿನಲ್ಲಿ ಎಷ್ಟು ಹೊತ್ತು ಮಲಗಿರ್ತೀರಿ?’ ಎದ್ದು ಓಡಾಡಿಕೊಂಡು ತನ್ನ ಕೆಲಸ ತಾನೇ ಮಾಡಿಕೊಳ್ಳುವವರನ್ನೂ ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಹಿಡಿದವರನ್ನೂ ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯಲ್ಲಿ ಬೇರ್ಪಡಿಸುವ ಈ ಹಳೆಯ ಪದ್ಧತಿ, ದುಬಾರಿ ಪ್ಯಾನೆಲ್ಲುಗಳ ನಡುವೆಯೂ ತನ್ನ ಬೆಲೆ ಕಳೆದುಕೊಂಡಿಲ್ಲ. ರಕ್ತದ ಪ್ರೋಟೀನೇ ಬೇಕೆನ್ನುವವರಿಗೆ ಆಲ್ಬುಮಿನ್ ಇದೆ. ಲಿವರ್ ತಯಾರಿಸುವ ಮಾಮೂಲಿ ಪ್ರೋಟೀನ್ ಇದು, ಚಾಮರಾಜಪೇಟೆಯ ಸಣ್ಣ ಲ್ಯಾಬಿನಲ್ಲೂ ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಅದು ಕುಸಿದಿದ್ದರೆ ದೇಹ ಸವೆಯುತ್ತಿದೆ, ಒಳಗೆ ಉರಿಯೂತವಿದೆ ಎಂದರ್ಥ. ‘ಎಂಟು ಶಿಖರಗಳ ಪ್ರೋಟೀನ್ ವಿನ್ಯಾಸ’ ನೋಡಿ ಒಳ್ಳೆಯದು ಕೆಟ್ಟದು ಎಂದು ಹೇಳುತ್ತಿದ್ದ ವೆರಿಸ್ಟ್ರಾಟ್ ಎಂಬ ಹೆಸರಾಂತ ವಿದೇಶಿ ಪರೀಕ್ಷೆಯಲ್ಲೂ ಕೊನೆಗೆ ಕಂಡದ್ದು ಸೀರಂ ಅಮಿಲಾಯ್ಡ್ ಎ, ಅದೂ ಉರಿಯೂತದ್ದೇ ಪ್ರೋಟೀನ್. ಇಂಥ ಅಂಕಿ ಕೆಟ್ಟಿದೆ ಎಂದರೆ ಊಟ, ನೋವು, ಸೋಂಕು, ಉಸಿರಾಟ ನೋಡಿಕೊಳ್ಳಿ ಎಂದರ್ಥ. ದಿನ ಎಣಿಸಿ ಎಂದು ಯಾಕೆ ಓದಬೇಕು?

ನೋಡಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೂ ಲೆಕ್ಕವಿದೆ. 2010ರಲ್ಲಿ ಬಾಸ್ಟನ್ನಿನ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಮೊದಲಿನಿಂದಲೇ ಉಪಶಾಮಕ ಆರೈಕೆ ಕೊಟ್ಟರು. ನೋವು, ಉಬ್ಬಸ, ಖಿನ್ನತೆ, ಮನೆಯವರ ಗೊಂದಲ, ಇವನ್ನೆಲ್ಲ ಕೂತು ಕೇಳುವ ಆರೈಕೆ ಅದು. ಆ ಗುಂಪಿನವರು ಸಾವಿನ ಸಮೀಪದಲ್ಲಿ ಕಡಿಮೆ ಕೀಮೊ ಪಡೆದೂ ಹೆಚ್ಚು ಬದುಕಿದರು: ಮಧ್ಯಾಂಕ 8.9 ತಿಂಗಳಿಂದ 11.6ಕ್ಕೆ ಏರಿತು. ಇಂಥ ಆರೈಕೆಯನ್ನು ಮಾರತ್‌ಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ಕೊಡುತ್ತಿದೆ. ನಮ್ಮವರು ಅದರ ಬಾಗಿಲಿಗೆ ಹೋಗುವುದು ಕೊನೆಯ ವಾರದಲ್ಲಿ, ಏಕೆಂದರೆ ಮಾರ್ಕರ್ ‘ಚೆನ್ನಾಗಿರುವ’ ತನಕ ಅದು ಬೇಡ ಅನ್ನಿಸಿರುತ್ತದೆ, ಕೆಟ್ಟ ಮೇಲೆ ಹೊತ್ತು ಮೀರಿರುತ್ತದೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಒಂದು ಪ್ರೋಟೀನ್ ಸಾಲದಿದ್ದರೆ ಸಾವಿರ ಪ್ರೋಟೀನ್ ಅಳೆದು ಕೃತಕ ಬುದ್ಧಿಮತ್ತೆಗೆ ಕೊಟ್ಟರಾಯಿತು ಎನ್ನುವವರಿದ್ದಾರೆ. ಅಳೆಯಲಿ, ಸಂಶೋಧನೆ ನಡೆಯಲಿ. ಆದರೆ ಹತ್ತು ಸಾವಿರ ಅಂಕಿ ಸೇರಿಸಿದರೂ ಅವು ನಿನ್ನೆಯ ಔಷಧಿ ಪಡೆದ ನಿನ್ನೆಯ ರೋಗಿಗಳದ್ದೇ. ಗೆಫಿಟಿನಿಬ್ ಬರುವ ಮುಂಚಿನ ಅಂಕಿಗಳಿಂದ ಗೆಫಿಟಿನಿಬ್ ನುಂಗುವವರ ಆಯಸ್ಸು ಹೇಳಲು ಸಾಧ್ಯವಿರಲಿಲ್ಲ. ಮೇಲಾಗಿ, ಕೆಟ್ಟ ಅಂಕಿ ನೋಡಿ ಚಿಕಿತ್ಸೆ ನಿಲ್ಲಿಸಿದವರು ಬೇಗ ತೀರಿಕೊಳ್ಳುತ್ತಾರೆ, ಅದು ಮತ್ತೆ ದಾಖಲೆ ಸೇರಿ ‘ಕೆಟ್ಟ ಅಂಕಿಯವರು ಬೇಗ ಸಾಯುತ್ತಾರೆ’ ಎಂದು ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ಎಂಥ ಯಂತ್ರ ತಂದರೂ ಈ ಸುಳಿಯಿಂದ ತಾನಾಗಿ ಪಾರಾಗುವುದಿಲ್ಲ.

ಇನ್ನೊಂದು ಉತ್ತರವನ್ನು ಮಾತ್ರ ಗೌರವದಿಂದ ಎದುರಿಸಬೇಕು. ಮನೆಯವರು ಸಿದ್ಧರಾಗಬೇಕಲ್ಲ, ಮಗಳ ಮದುವೆ ಗೊತ್ತುಮಾಡಬೇಕು, ಮನೆಯ ಪತ್ರ ಮಾಡಿಸಬೇಕು, ಅಮೆರಿಕದಿಂದ ಬರಲು ರಜೆ ಹಾಕಬೇಕು, ಎಷ್ಟು ಟೈಮ್ ಇದೆ ಎಂದು ಕೇಳುವುದೇ ತಪ್ಪೇ? ಖಂಡಿತ ಅಲ್ಲ. ರೋಗಿಯೇ ಕೇಳಿದರೆ ಉತ್ತರ ಪಡೆಯುವ ಮೊದಲ ಹಕ್ಕು ಅವರದು. ಅವರನ್ನು ಹೊರಗೆ ಕೂರಿಸಿ ಮಗನಿಗೆ ಮಾತ್ರ ಹೇಳುವ ನಮ್ಮ ಪದ್ಧತಿಯೂ ಹೋಗಬೇಕು. ಆದರೆ ಉತ್ತರ ಕೊಡುವ ಕ್ರಮ ಬೇರೆ. ಸ್ಟೇಜು, ಕಸುವು, ಸಿಗುವ ಚಿಕಿತ್ಸೆ ಎಲ್ಲ ನೋಡಿ ಇಂಥವರಲ್ಲಿ ಮಧ್ಯಾಂಕ ಸುಮಾರು ಒಂದು ವರ್ಷ ಎಂದು ವೈದ್ಯರಿಗೆ ಅನ್ನಿಸಿತು ಎಂದುಕೊಳ್ಳಿ. ಹರಡಿದ ಕ್ಯಾನ್ಸರಿನ ಹಲವು ಪ್ರಯೋಗಗಳನ್ನು ಆಸ್ಟ್ರೇಲಿಯಾದ ಬೆಲಿಂಡಾ ಕೀಲಿ, ಮಾರ್ಟಿನ್ ಸ್ಟಾಕ್ಲರ್ ಮತ್ತು ಸಂಗಡಿಗರು ಕೂಡಿಸಿ ನೋಡಿದಾಗ ಒಂದು ಸರಳ ಹಂಚಿಕೆ ಸಿಕ್ಕಿತು: ಸುಮಾರು ಅರ್ಧದಷ್ಟು ಜನ ಮಧ್ಯಾಂಕದ ಅರ್ಧದಿಂದ ಎರಡು ಪಟ್ಟಿನ ನಡುವೆ ಬದುಕುತ್ತಾರೆ, ಹತ್ತರಲ್ಲಿ ಒಬ್ಬರು ಅದರ ಮೂರು ಪಟ್ಟು ದಾಟುತ್ತಾರೆ, ಹತ್ತರಲ್ಲಿ ಒಬ್ಬರು ಅದರ ಆರನೇ ಒಂದು ಭಾಗದೊಳಗೇ ಹೋಗುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಒಪಿಡಿಯಲ್ಲಾಗಲಿ ಶಂಕರಪುರದ ಆಸ್ಪತ್ರೆಯಲ್ಲಾಗಲಿ ಇದನ್ನು ಕನ್ನಡದಲ್ಲಿ ಹೇಳಲು ಐದು ನಿಮಿಷ ಸಾಕು: ‘ನಿಮ್ಮಂಥ ಹತ್ತು ಜನ ಇಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಐದು ಜನ ಆರು ತಿಂಗಳಿಂದ ಎರಡು ವರ್ಷದೊಳಗೆ. ಒಬ್ಬರು ಎರಡು ತಿಂಗಳೂ ಇರಲಿಕ್ಕಿಲ್ಲ. ಒಬ್ಬರು ಮೂರು ವರ್ಷ ದಾಟುತ್ತಾರೆ. ಮನೆಯ ಪತ್ರ ಈ ತಿಂಗಳೇ ಮಾಡಿಸಿ, ಮಗಳ ಮದುವೆ ಮುಂದಕ್ಕೆ ಹಾಕಬೇಡಿ. ಜೀನ್ ರಿಪೋರ್ಟ್ ಬರಲಿ, ಬಂದ ಮೇಲೆ ಮತ್ತೆ ಮಾತಾಡೋಣ.’